ಎಂಡಿಎಸ್‌ನಲ್ಲಿ ಮುಂದೆ ಯಾವ ವಿಭಾಗಕ್ಕೆ ಭವಿಷ್ಯವಿದೆ?

ದಂತವೈದ್ಯ ಪದವಿ ಬಿಡಿಎಸ್ ಮುಗಿಸಿ, ಸ್ನಾತಕೋತ್ತರ ಎಂಡಿಎಸ್‌ನ ಪ್ರವೇಶ ಪರೀಕ್ಷೆಯಾದ ನೀಟ್-ಎಂಡಿಎಸ್‌ಗೆ ಓದುತ್ತಿರುವ ನೀವು ಕೇಳಿದ ಪ್ರಶ್ನೆಯನ್ನೇ ನಾನೂ ಸಿಕ್ಕ ಸೀನಿಯರ್‌ಗಳಿಗೆಲ್ಲ ಕೇಳಿ, ಕೊನೆಗೆ ಎಂಡೋಡಾಂಟಿಕ್ಸ್, ಎಂದರೆ ರೂಟ್ ಕೆನಾಲ್ ವಿಭಾಗವನ್ನು ಆರಿಸಿಕೊಂಡೆ. ಆ ಆಯ್ಕೆ ತಪ್ಪಾಗಲಿಲ್ಲ. ಕೋರ್ಸ್ ಮುಗಿದೊಡನೆ ಸಾಲ ಮಾಡಿ, ಬೆಂಗಳೂರಿನಲ್ಲಿ ರೂಟ್ ಕೆನಾಲ್‌ಗೆಂದೇ ಕ್ಲಿನಿಕ್ ತೆರೆದದ್ದು ತಪ್ಪಾಯಿತು.

ಜನರಲ್ ಫಿಸಿಷಿಯನ್ ಹೃದ್ರೋಗ ತಜ್ಞರಿಗೆ ಚೀಟಿ ಬರೆದುಕೊಡುವಂತೆ ಸುತ್ತಲಿನ ದಂತವೈದ್ಯರು ಕಷ್ಟದ ಕೇಸುಗಳನ್ನು ನನ್ನಲ್ಲಿಗೆ ಕಳಿಸುತ್ತಾರೆಂದು ನಂಬಿದ್ದೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಬಿಡಿಎಸ್ ಆದವರು ರೂಟ್ ಕೆನಾಲ್, ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಬೇರು) ಎರಡನ್ನೂ ತಾವೇ ಮಾಡಬಹುದು. ಆಗದಿದ್ದರೆ ಕನ್ಸಲ್ಟೆಂಟನ್ನು ತಮ್ಮ ಕ್ಲಿನಿಕ್ಕಿಗೇ ಕರೆಸಿ, ಕೇಸಿಗಿಷ್ಟು ಎಂದು ಕೊಡುತ್ತಾರೆ. ಹೊರಗೆ ಕಳಿಸಿದ ರೋಗಿ ಕ್ಯಾಪನ್ನೂ ಅಲ್ಲೇ ಹಾಕಿಸಿಕೊಂಡು, ಮುಂದೆ ಮನೆಮಂದಿಯನ್ನೆಲ್ಲ ಅಲ್ಲಿಗೇ ಕರೆದೊಯ್ದರೆ ಏನು ಗತಿ ಎಂಬ ಭಯ ಅವರಿಗೆ, ಅದು ನ್ಯಾಯವೇ. ಅವರ ಕಣ್ಣಿಗೆ ನಾನು ತಜ್ಞನಾಗಿರಲಿಲ್ಲ, ಪಕ್ಕದ ರಸ್ತೆಯ ಪ್ರತಿಸ್ಪರ್ಧಿಯಾಗಿದ್ದೆ. ಮೈಕ್ರೋಸ್ಕೋಪಿನ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು. ಮೂರು ವರ್ಷದ ಎಂಡಿಎಸ್‌ನಲ್ಲಿ ಈ ವ್ಯವಹಾರವನ್ನು ಯಾರೂ ಹೇಳಿಕೊಡಲಿಲ್ಲ. ನಾನೂ ಒಂದು ಕ್ಲಿನಿಕ್ಕಿಗೆ ಹೋಗಿ ವಿಚಾರಿಸಲಿಲ್ಲ.

ಈಗ ರೂಟ್ ಕೆನಾಲ್‌ನ ಸಲಕರಣೆಗಳಾದ ಎಂಡೋ ಮೋಟರ್, ಏಪೆಕ್ಸ್ ಲೊಕೇಟರ್, ಫೈಲುಗಳನ್ನು ಚೀಲಕ್ಕೆ ಹಾಕಿಕೊಂಡು ರೈಲಿನಲ್ಲಿ ತಿಪಟೂರು, ಅರಸೀಕೆರೆ, ಕಡೂರಿಗೆ ಹೋಗುತ್ತೇನೆ. ಹೆಚ್ಚಿನವು ಒಮ್ಮೆ ಮಾಡಿ ಕೆಟ್ಟ ಕೇಸುಗಳು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಕೆನ್ನೆಯ ಕಡೆಯ ಮುಂದಿನ ಬೇರಿಗೆ ಎಷ್ಟೋ ಸಲ ಎರಡನೆಯ ಕೆನಾಲ್, ಎಂದರೆ ಬೇರಿನೊಳಗಿನ ಸಣ್ಣ ನಾಳ, ಇರುತ್ತದೆ. ಅದು ಕಣ್ತಪ್ಪಿ ಉಳಿದರೆ ಕ್ಯಾಪಿನಡಿಯಲ್ಲೇ ಕೀವು ಕಟ್ಟಬಹುದು. ಅದನ್ನು ಹುಡುಕಿ ತೆಗೆಯುವವರಿಗೆ ಕೆಲಸ ತಪ್ಪುವುದಿಲ್ಲ.

ಆದ್ದರಿಂದ ‘ಯಾವ ವಿಭಾಗ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ‘ಯಾವ ಊರು’ ಎಂದು ಕೇಳಿ. ಓರಲ್ ಪೆಥಾಲಜಿ (ಬಾಯಿಯ ರೋಗಗಳ ಪರೀಕ್ಷೆ) ಮತ್ತು ಪಬ್ಲಿಕ್ ಹೆಲ್ತ್ ಮಾತ್ರ ಬೇರೆ: ಅವು ಬಹುಪಾಲು ಕಾಲೇಜಿನ ನೌಕರಿಯನ್ನೇ ನಂಬಿದ ವಿಭಾಗಗಳು, ಸಂಬಳದ ಆಸೆಯಿಂದ ಸೇರಬೇಡಿ. ಗುಟ್ಕಾ ಮತ್ತು ರಸ್ತೆ ಅಪಘಾತಗಳು ಇರುವವರೆಗೆ ಓರಲ್ ಸರ್ಜರಿಗೆ ಬರವಿಲ್ಲ, ಆದರೆ ಆಸ್ಪತ್ರೆಯೊಂದರ ನಂಟು ಬೇಕು. ತಂತಿಯ ಬದಲು ಹಾಕುವ ಪಾರದರ್ಶಕ ಅಲೈನರ್ ಬಂದು, ಹಲ್ಲು ನೇರ ಮಾಡುವ ಆರ್ಥೋ ವಿಭಾಗ ಮುಗಿಯಿತು ಎನ್ನುವವರು ತಂತಿ ಬಗ್ಗಿಸಲು ಕಲಿಯದವರು.

ಸೀಟು ಹಿಡಿಯುವ ಮೊದಲು ನಿಮ್ಮ ಜಿಲ್ಲೆಯ ತಾಲ್ಲೂಕು ಕೇಂದ್ರಗಳ ಕ್ಲಿನಿಕ್‌ಗಳಿಗೆ ಹೋಗಿ, ಯಾವ ಕೇಸಿಗೆ ಕನ್ಸಲ್ಟೆಂಟ್ ಸಿಗದೆ ಪರದಾಡುತ್ತಾರೆಂದು ಕೇಳಿ. ಮಕ್ಕಳ ದಂತವೈದ್ಯರೇ ಸಿಗುವುದಿಲ್ಲ ಎಂಬ ಉತ್ತರ ಎಲ್ಲ ಕಡೆ ಬಂದರೆ, ಸೀನಿಯರ್‌ಗಳು ಏನೇ ಹೇಳಲಿ, ಪೀಡೋಡಾಂಟಿಕ್ಸ್ ತೆಗೆದುಕೊಳ್ಳಿ.