ಕೌಲಾಲಂಪುರದ ದುಬಾರಿ ರೆಸ್ಟೋರೆಂಟ್‌ನಲ್ಲಿ ನಾನೊಬ್ಬನೇ ಸಸ್ಯಾಹಾರಿ. ಬೇರೆ ಬಿಲ್ ಕೇಳಬಹುದಾ?

ನೀವು ಬರೆದಿದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಸಸ್ಯಾಹಾರಿ ನೀವೊಬ್ಬರೇ, ಉಳಿದ ಐದು ಜನ ಮೀನು ಮಾಂಸ ತಿನ್ನುವವರು, ಬಿಲ್ ಸಮ ಹಂಚಿಕೊಂಡರೆ ನಿಮಗೆ ನಷ್ಟ, ಬೇರೆ ಬಿಲ್ ಕೇಳಿದರೆ ಜಿಪುಣ ಅಂದುಕೊಳ್ಳುತ್ತಾರೆ, ಹೋಗದೇ ಇದ್ದರೇ ಒಳ್ಳೆಯದಾ ಅಂತ ಕೇಳಿದ್ದೀರಿ. ನಮ್ಮ ಟೇಬಲ್‌ನಲ್ಲೂ ನಿಮ್ಮ ಜಾಗದಲ್ಲಿ ಒಬ್ಬ ಕೂತಿದ್ದ. ಅವನ ಪಕ್ಕದಲ್ಲಿ ಕೂತು ಆರ್ಡರ್ ಕೊಟ್ಟವನು ನಾನು.

ಕೌಲಾಲಂಪುರದಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಇದ್ದಾಗಿನ ಮಾತು. ನಾವು ಆರು ಜನ. ನಾನು, ಹಾಸನದ ಗೆಳೆಯ ಒಬ್ಬ, ಮಂಗಳೂರಿನವನೊಬ್ಬ, ಆಫೀಸಿನ ಇಬ್ಬರು ಮಲಯ್ ಗೆಳೆಯರು, ಇಪೋ ಕಡೆಯ ಒಬ್ಬ ಚೀನೀ ಹುಡುಗಿ. ದಿನಾ ಆಫೀಸಿನ ಕೆಳಗಿನ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಅಗ್ಗದ ಹೋಟೆಲಿನಲ್ಲಿ, ರೋಟಿ ಚನಾಯ್ ಅನ್ನೋ ಪರೋಟ, ತೇ ತಾರಿಕ್ ಅನ್ನೋ ಹಾಲಿನ ಚಹಾ ಮುಗಿಸಿಕೊಂಡು ಬರುತ್ತಿದ್ದವರು. ಪ್ರಾಜೆಕ್ಟ್‌ನ ಒಂದು ಹಂತ ಮುಗಿದಾಗ ಒಂದು ಸಲವಾದರೂ ದೊಡ್ಡ ಜಾಗಕ್ಕೆ ಹೋಗೋಣ ಅಂತ ನಾನೇ ಹೊರಡಿಸಿದೆ. ಆರಿಸಿದ್ದೂ ನಾನೇ. ನ್ಯೋನ್ಯಾ ಅಡುಗೆಗೆ ಹೆಸರಾದ ಜಾಗ. ಮಲಾಕಾ, ಪೆನಾಂಗ್‌ಗಳಲ್ಲಿ ತಲೆಮಾರುಗಳ ಹಿಂದೆ ನೆಲೆಸಿದ ಚೀನೀ ಕುಟುಂಬಗಳು ಮಲಯ್ ಮಸಾಲೆ ಹಾಕಿ ಬೆಳೆಸಿದ ಅಡುಗೆ ಅದು. ಹಳೇ ಕಾಲದ ನೆಲದ ಟೈಲ್ಸ್, ಮರದ ಕೆತ್ತನೆಯ ಬಾಗಿಲು, ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳು. ಹಾಸನದವನು ಅಪ್ಪಟ ಸಸ್ಯಾಹಾರಿ, ಮೊಟ್ಟೆಯೂ ಮುಟ್ಟುವುದಿಲ್ಲ. ಊರಲ್ಲಿ ತಂಗಿಯ ಮದುವೆ ಸಾಲ ತೀರಿಸುತ್ತಿದ್ದ. ಅದು ನನಗೆ ಗೊತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗೊತ್ತಿದ್ದೂ ಮಾಡಿದೆ.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ಆದರೂ ಓದಿ, ಯಾಕಂದರೆ ನಿಮ್ಮ ಟೇಬಲ್‌ನಲ್ಲೂ ಯಾರೋ ಒಬ್ಬರು ಇದನ್ನೇ ಮಾಡುತ್ತಾರೆ.

ಮೆನುವಿನಲ್ಲಿ ಇಡೀ ಮೀನಿನ ಪಟ್ಟಿ ಕೊನೆಯ ಪುಟದಲ್ಲಿತ್ತು. ಬಾವಾಲ್ ಪುತಿಹ್, ಅಂದರೆ ನಮ್ಮ ಕರಾವಳಿಯವರು ಮಾಂಜಿ ಅನ್ನುವ ಬಿಳಿ ಪಾಂಫ್ರೆಟ್. ಅದರ ಮುಂದೆ 26 ರಿಂಗಿಟ್ (ಮಲೇಷ್ಯಾದ ದುಡ್ಡು) ಅಂತ ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, 100 ಗ್ರಾಂಗೆ. ನಾನು ಅದನ್ನು ಓದದೇ ಇರಲಿಲ್ಲ. ಓದಿದೆ. ಮಂಗಳೂರಿನವನು "ಮಾಂಜಿ ಉಂಟು ಮಾರಾಯ, ಹೇಳು ಹೇಳು" ಅಂತ ಕುಣಿಯುತ್ತಿದ್ದ. ವೇಟರ್ ಒಂದು ಟ್ರೇಯಲ್ಲಿ ಐಸ್ ಮೇಲೆ ಮಲಗಿಸಿದ ಮೀನು ತಂದು ತೋರಿಸಿದರು. ಬೆಳ್ಳಗೆ ಹೊಳೆಯುತ್ತಿತ್ತು, ಕಣ್ಣು ತಿಳಿಯಾಗಿತ್ತು, ನಿಜವಾಗಿಯೂ ಒಳ್ಳೆಯ ಮೀನು. "ಆರು ಜನಕ್ಕೆ ಎರಡು ಬೇಕಾಗುತ್ತೆ" ಅಂದರು. ನಾನು ತಲೆ ಆಡಿಸಿದೆ. ಅಷ್ಟೇ.

ಆಗ ನಾನು ಕೇಳಬೇಕಾಗಿದ್ದು ಒಂದೇ ಮಾತು. ಇದರ ತೂಕ ಎಷ್ಟು, ಎರಡೂ ಸೇರಿ ಎಷ್ಟಾಗುತ್ತೆ? ಕೇಳಲಿಲ್ಲ. ಕರೆದುಕೊಂಡು ಬಂದವನು ನಾನು, ಐದು ಜನರ ಮುಂದೆ ರೇಟು ವಿಚಾರಿಸಿದರೆ ಸಣ್ಣವನಾಗಿ ಕಾಣುತ್ತೇನೆ ಅನ್ನೋ ಸಂಕೋಚ. ಮಾರ್ಕೆಟ್‌ನಲ್ಲಿ ತಕ್ಕಡಿ ನಮ್ಮ ಕಣ್ಣ ಮುಂದೆ ಇರುತ್ತೆ, ಇಲ್ಲಿ ಅದು ಅಡುಗೆಮನೆಯ ಒಳಗಿರುತ್ತೆ. ತೂಗುವುದು ಹಸಿ ಮೀನನ್ನು, ತಲೆ ಮುಳ್ಳು ಎಲ್ಲ ಸೇರಿಸಿ. ತಟ್ಟೆಗೆ ಬರುವಷ್ಟರಲ್ಲಿ ತಿನ್ನುವ ಭಾಗ ಎಷ್ಟೋ ಕಮ್ಮಿ. ನೂರು ಗ್ರಾಂ ಲೆಕ್ಕದಲ್ಲಿ ಬರೆದಾಗ 26 ಅನ್ನೋದು ಪಕ್ಕದ ಕೋಳಿ ಸಾರಿನ 38ಕ್ಕಿಂತ ಅಗ್ಗ ಅಂತ ಕಣ್ಣಿಗೆ ಅನ್ನಿಸಿಬಿಡುತ್ತೆ. ಕಿಲೋಗೆ 260 ಅಂತ ಬರೆದಿದ್ದರೆ ಮಂಗಳೂರಿನವನೂ ತಣ್ಣಗಾಗುತ್ತಿದ್ದ. ರೆಸ್ಟೋರೆಂಟ್‌ನವರು ಮೋಸ ಮಾಡಲಿಲ್ಲ. ಎಲ್ಲವೂ ಬರೆದೇ ಇತ್ತು, ಮೀನನ್ನೂ ತಂದು ತೋರಿಸಿದರು. ಅಲ್ಲಿ ಇದೇ ಪದ್ಧತಿ, ಕೇಳಿದರೆ ಬೇಜಾರಿಲ್ಲದೆ ತೂಗಿ ಬಂದು ಹೇಳುತ್ತಾರೆ. ಕೇಳೋದು ಗಿರಾಕಿಯ ಕೆಲಸ.

ಎರಡು ಮೀನು ಸೇರಿ 2.2 ಕಿಲೋ ತೂಗಿತ್ತು. ಬರೀ ಮೀನಿಗೆ 572 ರಿಂಗಿಟ್. ಉಳಿದ ಅಷ್ಟೂ ಪದಾರ್ಥ, ಅನ್ನ, ಪಾನೀಯ, ಸಿಹಿ ಎಲ್ಲ ಸೇರಿ 410. ಅದರ ಮೇಲೆ 10% ಸರ್ವಿಸ್ ಚಾರ್ಜ್, 6% ಸರ್ವಿಸ್ ಟ್ಯಾಕ್ಸ್. ಮೆನುವಿನ ಕೆಳಗೆ ಎರಡು ಪ್ಲಸ್ ಗುರುತು ಹಾಕಿರುತ್ತಾರಲ್ಲ, ಅದು ಇದೇ. ಒಟ್ಟು 1,139 ರಿಂಗಿಟ್. ಯಾರೋ ಫೋನಿನಲ್ಲಿ ಆರರಿಂದ ಭಾಗಿಸಿದರು. ತಲೆಗೆ 190. ಆಗ ರಿಂಗಿಟ್‌ಗೆ 18 ರೂಪಾಯಿ ಹತ್ತಿರ ಇತ್ತು, ಅಂದರೆ 3,400 ರೂಪಾಯಿ. ಮೀನು ಇಲ್ಲದಿದ್ದರೆ ತಲೆಗೆ 80 ಕೂಡ ಆಗುತ್ತಿರಲಿಲ್ಲ.

ಹಾಸನದವನು ತಿಂದಿದ್ದೇನು? ಅನ್ನ. ಅವನಿಗೆಂದೇ ಹೇಳಿದ್ದ ಕಾಂಗ್‌ಕುಂಗ್ ಸೊಪ್ಪಿನ ಪಲ್ಯ ಬಂತು. ತಟ್ಟೆ ಕೆಳಗಿಡುವ ಮೊದಲೇ ವಾಸನೆ ಬಂತು. ಬೆಲಾಚಾನ್. ಪುಟ್ಟ ಸಿಗಡಿಗಳನ್ನು ಉಪ್ಪು ಹಾಕಿ, ಒಣಗಿಸಿ, ಹುಳಿಬರಿಸಿ ಮಾಡುವ ಗಟ್ಟಿ ಉಂಡೆ ಅದು. ಸಾಂಬಾಲ್ ಅನ್ನೋ ಮಲಯ್ ಮೆಣಸಿನ ಚಟ್ನಿಗೆಲ್ಲ ಅದೇ ಜೀವ. ಅವನು ಸೊಪ್ಪನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ಅಚಾರ್‌ನಲ್ಲಿ ಏನಿದೆ ಅಂತ ಕೇಳಿದ, ಅರೆದ ಮಸಾಲೆಯಲ್ಲಿ ಬೆಲಾಚಾನ್ ಇದೆ ಅಂದರು. ಬದನೆಕಾಯಿ ಕೇಳಿದ, ಅದರ ಮೇಲೆ ಸಾಂಬಾಲ್. ಕೊನೆಗೆ ಚೆಂಡೋಲ್ ಬಂದಾಗ ಮಾತ್ರ ಅವನ ಮುಖ ಅರಳಿತು. ತೆಂಗಿನ ಹಾಲು, ಪಾಂಡಾನ್ ಎಲೆಯ ರಸದಲ್ಲಿ ಮಾಡಿದ ಹಸಿರು ಶ್ಯಾವಿಗೆಯಂಥದ್ದು, ಮೇಲೆ ಗುಲಾ ಮಲಾಕಾ ಅನ್ನೋ ತಾಳೆ ಬೆಲ್ಲದ ಪಾಕ, ತುರಿದ ಐಸ್. "ನಮ್ಮಜ್ಜಿ ಮಾಡೋ ಕಾಯಿಹಾಲಿನ ಥರಾನೇ ಇದೆ ಕಣೋ" ಅಂದ. ಅನ್ನ, ನಿಂಬೆ ಪಾನಕ, ಚೆಂಡೋಲ್. ಟ್ಯಾಕ್ಸ್ ಸೇರಿ 43 ರಿಂಗಿಟ್‌ನ ಊಟ. ಕೊಟ್ಟಿದ್ದು 190.

ಒಂದು ಮಾತೂ ಆಡಲಿಲ್ಲ. ಎಲ್‌ಆರ್‌ಟಿ ರೈಲು ಸ್ಟೇಷನ್ ತಲುಪುವ ಮೊದಲೇ ಡ್ಯೂಯಿಟ್‌ನೌನಲ್ಲಿ (ನಮ್ಮ ಯುಪಿಐ ಥರದ್ದು) ದುಡ್ಡು ನನ್ನ ಖಾತೆಗೆ ಹಾಕಿದ್ದ. ಮಾರನೇ ದಿನ ವಾಪಸ್ ಕೊಡಲು ಹೋದೆ. "ಬಿಡೋ, ಎಲ್ಲರೂ ಕೊಟ್ರಲ್ಲ" ಅಂದ. ಆಮೇಲೆ ಯಾವತ್ತು ಊಟಕ್ಕೆ ಕರೆದರೂ ಕೆಲಸ ಇದೆ ಅನ್ನುತ್ತಿದ್ದ. ಮಾಮಾಕ್ ಅಂಗಡಿಗೂ ಬರುವುದು ಕಮ್ಮಿಯಾಯಿತು. ಪ್ರಾಜೆಕ್ಟ್ ಮುಗಿದು ಊರಿಗೆ ಹೋದ. ಹಬ್ಬಕ್ಕೆ ಮೆಸೇಜ್ ಬರುತ್ತೆ, ಮೊದಲಿನ ಸಲಿಗೆ ಇಲ್ಲ. ನನಗೆ ಹೋಗಿದ್ದು ದುಡ್ಡಲ್ಲ, ಅವನು.

ಹಾಗಾದರೆ ಅವನು ಬೇರೆ ಬಿಲ್ ಕೇಳಬೇಕಾಗಿತ್ತು ಅಂತ ನೀವು ಅನ್ನಬಹುದು. ನಾನು ಒಪ್ಪುವುದಿಲ್ಲ. ಬಿಲ್ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಮಲಯ್ ಊಟ, ನ್ಯೋನ್ಯಾ ಊಟ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟ್ ಅಲ್ಲ. ಅನ್ನ ನಿಮ್ಮ ಮುಂದೆ, ಉಳಿದದ್ದೆಲ್ಲ ಟೇಬಲ್ ಮಧ್ಯೆ, ಎಲ್ಲರೂ ಬಡಿಸಿಕೊಳ್ಳುತ್ತಾರೆ. ಅದರಲ್ಲಿ ನಿಮ್ಮದೆಷ್ಟು, ಅವರದೆಷ್ಟು ಅಂತ ಹೇಗೆ ವಿಂಗಡಿಸುತ್ತೀರಿ? ನೀವೊಬ್ಬರೇ ಒಂದು ಫ್ರೈಡ್ ರೈಸ್ ತರಿಸಿಕೊಂಡು, ಬೇರೆ ಬಿಲ್ ಮಾಡಿಸಿ, ಟೇಬಲ್ ತುದಿಯಲ್ಲಿ ಕೂತರೆ ದುಡ್ಡು ಉಳಿಯುತ್ತೆ, ನಿಜ. ಆದರೆ ಅದು ಜೊತೆಗೆ ಊಟ ಮಾಡಿದ ಹಾಗಲ್ಲ, ಪಕ್ಕದಲ್ಲಿ ಕೂತ ಹಾಗೆ. ನಿಮ್ಮ ಸಮಸ್ಯೆ ಬಿಲ್‌ನದ್ದಲ್ಲ, ಆರ್ಡರ್‌ನದ್ದು. ಅದನ್ನು ರೆಸ್ಟೋರೆಂಟ್‌ಗೆ ಹೋಗುವ ಮೊದಲೇ ಬಗೆಹರಿಸಬೇಕು.

ಹೋಗದೇ ಇರೋದು ಅಂತೂ ಬೇಡವೇ ಬೇಡ. ಕೌಲಾಲಂಪುರದ ಭಾರತೀಯರ ಬಡಾವಣೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ ಸಿಗುತ್ತೆ, ದೋಸೆ ಸಿಗುತ್ತೆ, ನಾನೂ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಆದರೆ ಮಲೇಷ್ಯಾಕ್ಕೆ ಹೋಗಿ ಬರೀ ಅದನ್ನೇ ತಿಂದು ಬರುವುದು ಅನ್ಯಾಯ. ಬೀದಿಯಲ್ಲಿ 10 ರಿಂಗಿಟ್‌ಗೆ ಸಿಗೋದಕ್ಕೆ ಅಲ್ಲಿ 50 ಯಾಕೆ ಕೊಡಬೇಕು ಅಂತಲೂ ಕೇಳಿದ್ದೀರಿ. ಎಲ್ಲ ಕಡೆಯೂ ಕೊಡಬೇಕಿಲ್ಲ, ಎಷ್ಟೋ ಜಾಗಗಳಲ್ಲಿ ನಾವು ಕೊಡೋದು ಎಸಿಗೆ ಮತ್ತು ಕಿಟಕಿಯ ನೋಟಕ್ಕೆ. ಆದರೆ ರೆಂಡಾಂಗ್ ಅನ್ನೋ ಗಟ್ಟಿ ಮಸಾಲೆಯ ಪದಾರ್ಥವನ್ನು ಚೆನ್ನಾಗಿ ಮಾಡಲು ತೆಂಗಿನ ಹಾಲು ಪೂರ್ತಿ ಇಂಗಿ ಎಣ್ಣೆ ಬಿಡುವ ತನಕ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕೈಯಾಡಿಸಬೇಕು. ತೆಂಗಿನ ತುರಿ ಹುರಿದು ಎಣ್ಣೆ ಬರುವ ಹಾಗೆ ಕುಟ್ಟಿ ಹಾಕಬೇಕು. ನ್ಯೋನ್ಯಾ ಮನೆಗಳಲ್ಲಿ ಬಳಸುವ ಬುವಾಹ್ ಕೆಲುವಾಕ್ ಅನ್ನೋ ಬೀಜ ಹಸಿಯಾಗಿದ್ದಾಗ ಸಯನೈಡ್ ಇರುವ ವಿಷ. ಬೇಯಿಸಿ, ಬೂದಿಯಲ್ಲಿ ಹೂತು, ದಿನಗಟ್ಟಲೆ ನೀರಲ್ಲಿ ನೆನೆಸಿ ಆಮೇಲೆ ಅಡುಗೆಗೆ. ಈ ಕೆಲಸಕ್ಕೆ ಬೆಲೆ ಇದೆ. 2022ರ ಡಿಸೆಂಬರ್‌ನಲ್ಲಿ ಒಳ್ಳೆಯ ರೆಸ್ಟೋರೆಂಟ್‌ಗಳನ್ನು ಆರಿಸಿ ಸ್ಟಾರ್ ಕೊಡುವ ಮಿಷೆಲಿನ್ ಗೈಡ್ ಮೊದಲ ಸಲ ಮಲೇಷ್ಯಾದ ಪಟ್ಟಿ ಹೊರತಂದಾಗ ಪೆನಾಂಗ್‌ನ ಆಂಟಿ ಗೈಕ್ ಲೀನ್ಸ್ ಎಂಬ ನ್ಯೋನ್ಯಾ ರೆಸ್ಟೋರೆಂಟ್‌ಗೂ ಒಂದು ಸ್ಟಾರ್ ಕೊಟ್ಟಿತು. ಮನೆ ಅಡುಗೆಗೆ ಆ ಗೌರವ ಸಿಕ್ಕಿದ್ದು ನನಗೆ ತುಂಬಾ ಖುಷಿ.

ಈಗ ಮಾಡಬೇಕಾದ್ದು. ಇವತ್ತೇ ನಿಮ್ಮ ಗುಂಪಿಗೆ ಒಂದು ಮೆಸೇಜ್ ಹಾಕಿ. "ತಲೆಗೆ 80 ರಿಂಗಿಟ್ ಒಳಗೆ ಇಟ್ಟುಕೊಳ್ಳೋಣ, ತೂಕದ ಮೀನು, ಏಡಿ ಬೇಕಾದವರು ಅದನ್ನು ತಮ್ಮಲ್ಲೇ ಹಂಚಿಕೊಳ್ಳಿ" ಅಂತ. ಇಷ್ಟೇ ಸಾಕು, ಕಾರಣ ಕೊಡಬೇಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ಹಾಗೆಯೇ ಬಾಯಿ ಬಿಡದ ಇನ್ನೊಬ್ಬರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಮೊತ್ತ ಹೇಳುವಾಗ ಆ 16% ಸೇರಿಸಿಯೇ ಹೇಳಿ. ಮೆನುವಿನಲ್ಲಿ 100 ಅಂತ ಇದ್ದದ್ದು ದುಡ್ಡು ಕೊಡುವಾಗ 116 ಆಗಿರುತ್ತೆ. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ, ಅದರ ಚಿಂತೆ ಬೇಡ.

ಎರಡನೆಯದು, ಒಂದು ದಿನ ಮೊದಲು ರೆಸ್ಟೋರೆಂಟ್‌ಗೆ ಫೋನ್ ಮಾಡಿ. ಇದು ಬಹಳ ಮುಖ್ಯ. ಮಸಾಲೆಯನ್ನು ಬೆಳಿಗ್ಗೆಯೇ ಬೆಲಾಚಾನ್ ಹಾಕಿ ಅರೆದು ಇಟ್ಟಿರುತ್ತಾರೆ. ಟೇಬಲ್‌ನಲ್ಲಿ ಕೂತು ತೆಗೆದುಬಿಡಿ ಅಂದರೆ ಅವರಾದರೂ ಎಲ್ಲಿಂದ ತೆಗೆಯುತ್ತಾರೆ? ಮೊದಲೇ ಹೇಳಿದರೆ ಎಷ್ಟೋ ಕಡೆ ಬೇರೆ ಮಸಾಲೆ ಮಾಡಿ ಹಲಸಿನಕಾಯಿಯದ್ದೋ, ತೋಫುವಿನದ್ದೋ ಏನಾದರೂ ಮಾಡಿಕೊಡುತ್ತಾರೆ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ ಇಲ್ಲ ಅಂದುಕೊಂಡು ಒಣಸಿಗಡಿ ಹಾಕಿಬಿಡುತ್ತಾರೆ. "ತಾಕ್ ಮಾಕಾನ್ ಬೆಲಾಚಾನ್, ಉಡಾಂಗ್ ಕೆರಿಂಗ್, ಇಕಾನ್ ಬಿಲಿಸ್, ಸೊಸ್ ತಿರಾಮ್" ಅನ್ನಿ. ಬೆಲಾಚಾನ್, ಒಣಸಿಗಡಿ, ಒಣಗಿಸಿದ ಸಣ್ಣ ಮೀನು, ಆಯ್ಸ್ಟರ್ ಸಾಸ್ ತಿನ್ನುವುದಿಲ್ಲ ಅಂತ. ಮೊಟ್ಟೆ ತಿನ್ನದಿದ್ದರೆ "ತೆಲೂರ್" ಕೂಡ ಸೇರಿಸಿ.

ಹೀಗೆ ನಿಮಗಾಗಿ ಮಾಡಿಸಿದ ಪದಾರ್ಥಗಳನ್ನೂ ಟೇಬಲ್ ಮಧ್ಯದಲ್ಲೇ ಇಡಿಸಿ. ಎಲ್ಲರೂ ತಿನ್ನಲಿ. ಆಮೇಲೆ ಬಿಲ್ ಸಮ ಹಂಚಿಕೊಳ್ಳಿ, ಹತ್ತಿಪ್ಪತ್ತು ರಿಂಗಿಟ್ ಆಚೀಚೆ ಆದರೆ ಲೆಕ್ಕ ಹಾಕಬೇಡಿ. ಯಾರಾದರೂ ಮೀನಿನ ಟ್ರೇ ತರಿಸಿದರೆ ನೀವೇ ಕೇಳಿ: "ಬೆರಾಪಾ ಬೆರಾಟ್? ಸೆಮುವಾ ಬೆರಾಪಾ?" ತೂಕ ಎಷ್ಟು, ಒಟ್ಟು ಎಷ್ಟಾಗುತ್ತೆ ಅಂತ. ನೀವು ಮೀನು ತಿನ್ನದವರು, ನೀವು ಕೇಳಿದರೆ ಯಾರಿಗೂ ಮುಜುಗರ ಆಗುವುದಿಲ್ಲ.

ಯಾವ ರೆಸ್ಟೋರೆಂಟ್ ಅಂತ ನೀವು ಬರೆದಿಲ್ಲ. ಹೇಳಿದರೆ ಅವರ ಮೆನು ನೋಡಿ, ಫೋನಿನಲ್ಲಿ ಏನೇನು ಕೇಳಬೇಕು ಅಂತ ಇಲ್ಲೇ ಕೆಳಗೆ ಬರೆಯುತ್ತೇನೆ.