ಪ್ರವಾಸದ ಹಣ ಸಾಲದಿದ್ದಾಗ ಯಾರ ಖರ್ಚಿಗೆ ಕತ್ತರಿ?

ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲೇ ಧೈರ್ಯಗೆಟ್ಟ ಸಂಶೋಧನಾ ವಿದ್ಯಾರ್ಥಿಗಳು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗುವ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಆಕೆ ಶಿರಸಿ ಕಡೆಯವರು. ಮೀನು ಮಾರುವ ಮತ್ತು ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಮಹಿಳೆಯರು ಕಾಯಿಲೆ ಬಿದ್ದಾಗ ಏನು ಮಾಡುತ್ತಾರೆಂಬುದನ್ನು ಫೋಕಸ್ ಗ್ರೂಪ್ ಚರ್ಚೆಗಳಿಂದ, ಅಂದರೆ ಕೆಲವರನ್ನು ಒಟ್ಟಿಗೆ ಕೂರಿಸಿ ಒಂದು ವಿಷಯದ ಬಗ್ಗೆ ಮಾತಾಡಿಸಿ, ಅರಿಯುವುದು ಅವರ ವಿಷಯ. ಕಾರವಾರದಿಂದ ಭಟ್ಕಳದವರೆಗಿನ ಐದೂ ತಾಲ್ಲೂಕುಗಳನ್ನು ಮುಟ್ಟಬೇಕೆಂದು ಮಾರ್ಗದರ್ಶಕರು ಹೇಳಿದ್ದರು. ಕೈಯಲ್ಲಿದ್ದ ಹಣ ಅಷ್ಟಕ್ಕೆ ಸಾಲುವಂತಿರಲಿಲ್ಲ. ರಾತ್ರಿ ನಿದ್ದೆಯಿರಲಿಲ್ಲ, ಮಾರ್ಗದರ್ಶಕರ ಫೋನ್ ಎತ್ತುವುದನ್ನೂ ಬಿಟ್ಟಿದ್ದರು.

ಒಂದು ಭೇಟಿಯಲ್ಲಿ ಅವರು ಖರ್ಚಿನ ಅಂದಾಜುಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. ಬಾಡಿಗೆ ಕಾರು, ವಸತಿ, ರೆಕಾರ್ಡರ್ ಎಲ್ಲವೂ ಹಾಗೆಯೇ ಇದ್ದವು. ಕೆಂಪು ಗೆರೆ ಬಿದ್ದದ್ದು ಒಂದೇ ಸಾಲಿನ ಮೇಲೆ: ಭಾಗವಹಿಸುವವರ ದಾರಿಖರ್ಚು, ಚಹಾ-ತಿಂಡಿ, ಗೌರವಧನ.

"ಇದನ್ನು ತೆಗೆದರೆ ಇನ್ನೊಂದು ತಾಲ್ಲೂಕು ಸಿಗುತ್ತದೆ ಮೇಡಂ. ಅವರು ಹೇಗೂ ಅಲ್ಲಿಯೇ ಇರುವವರಲ್ಲವೇ?"

"ಬುಟ್ಟಿಯಲ್ಲಿ ಇನ್ನೂ ಮೀನು ಉಳಿದಿರುವಾಗ ನೀವು ಕರೆದರೆ ಯಾರು ಎದ್ದು ಬರುತ್ತಾರೆ?" ಎಂದು ಕೇಳಿದೆ.

ಅವರು ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ, "ವ್ಯಾಪಾರ ಮುಗಿದವರು ಬರುತ್ತಾರೆ. ಮುಗಿಯದವರು, ಸಾಲದಲ್ಲಿರುವವರು ಬರುವುದಿಲ್ಲ. ಐದು ತಾಲ್ಲೂಕು ಸುತ್ತಿದರೂ ನನಗೆ ಸಿಗುವವರು ಒಂದೇ ಬಗೆಯವರು" ಎಂದರು. ಅಲ್ಲಿಂದ ಮುಂದೆ ನಮ್ಮ ಮಾತು ಹಣದ ಕೊರತೆಯನ್ನು ಬಿಟ್ಟು, ಇರುವ ಹಣವನ್ನು ಯಾರ ಮಾತು ಕೇಳಲು ಬಳಸಬೇಕು ಎಂಬುದರ ಕಡೆ ತಿರುಗಿತು.

ಸಂಶೋಧನಾ ವಿಧಾನ ಹೇಳಿಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ ಎನ್ನುವವರಿದ್ದಾರೆ. ಆದರೆ ಈ ವಿದ್ಯಾರ್ಥಿನಿಯ ಆತಂಕದ ಬೇರು ಅಂದಾಜುಪಟ್ಟಿಯಲ್ಲಿಯೇ ಇದ್ದಾಗ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿ ಕಳುಹಿಸುವುದು ನನಗೆ ಸರಿ ಕಾಣಲಿಲ್ಲ. ಊರುಗಳ ಸಂಖ್ಯೆ ಹೆಚ್ಚಿದಷ್ಟೂ ತಿಳಿವಳಿಕೆ ಹೆಚ್ಚುವುದಿಲ್ಲ. ಅಮೆರಿಕದಲ್ಲಿ ಒಂದೇ ವಿಷಯದ ಮೇಲೆ ನಡೆದ 40 ಗುಂಪು ಚರ್ಚೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊರಬಂದ ಅಂಶಗಳಲ್ಲಿ ಶೇ. 80ಕ್ಕೂ ಹೆಚ್ಚು ಎರಡು-ಮೂರು ಗುಂಪುಗಳಲ್ಲಿಯೇ, ಶೇ. 90ರಷ್ಟು ಮೂರರಿಂದ ಆರು ಗುಂಪುಗಳಲ್ಲಿ ಸಿಕ್ಕಿದ್ದವು. ಅಲ್ಲಿ ಭಾಗವಹಿಸಿದವರು ಹೆಚ್ಚುಕಡಿಮೆ ಒಂದೇ ಹಿನ್ನೆಲೆಯವರು ಎಂಬುದನ್ನು ಮರೆಯಬಾರದು. ಆದ್ದರಿಂದಲೇ ಮೀನು ಮಾರುವವರನ್ನೂ ಬಳಚು ಆಯುವವರನ್ನೂ ಒಂದೇ ಗುಂಪಿನಲ್ಲಿ ಕೂರಿಸಬೇಡಿ ಎಂದೆ.

ಕಾರವಾರ ಮತ್ತು ಕುಮಟಾ ಎರಡನ್ನೇ ಇಟ್ಟುಕೊಂಡು, ಕಾರವಾರದಲ್ಲಿ ಮೀನು ಮಾರುವವರ ಎರಡು ಗುಂಪು, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಬಳಚು ಆಯುವವರ ಎರಡು ಗುಂಪು, ಪ್ರತಿಯೊಂದರಲ್ಲೂ ಆರರಿಂದ ಎಂಟು ಮಂದಿ ಎಂದು ಬರೆದುಕೊಂಡೆವು. ಕೊನೆಯ ಚರ್ಚೆಯಲ್ಲಿಯೂ ಹೊಸ ಮಾತು ಬರುತ್ತಿದ್ದರೆ ಇನ್ನೆರಡು ಗುಂಪುಗಳಿಗೆ ಬೇಕಾಗುವಷ್ಟು ಹಣವನ್ನು ಮುಟ್ಟದೆ ಇಡಬೇಕು. ಬಾಡಿಗೆ ಕಾರನ್ನು ಕೈಬಿಟ್ಟೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವಾಗ ಆ ಸಾಲಿಗೆ ಅರ್ಥವೇ ಇರಲಿಲ್ಲ. ಉಳಿದ ಹಣದಲ್ಲಿ ಗೌರವಧನ ಮರಳಿ ಬಂತು, ಕೊಂಕಣಿ ಬಲ್ಲ ಸ್ಥಳೀಯ ಸಹಾಯಕಿಯೊಬ್ಬರಿಗೂ ದಾರಿಯಾಯಿತು. ಬಳಚು ಆಯುವವರು ನೀರು ಇಳಿದಾಗ ಹೊಳೆಗಿಳಿಯುತ್ತಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಚರ್ಚೆಯ ಸಮಯವನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು, ಇಲ್ಲವಾದರೆ ಒಂದು ಪ್ರಯಾಣವೇ ವ್ಯರ್ಥ.

ಮಾರ್ಗದರ್ಶಕರಿಗೆ ಕ್ಷಮೆ ಕೇಳುವ ಪತ್ರ ಬೇಡ, ಕಾರಣಗಳಿರುವ ಒಂದು ಪುಟದ ಟಿಪ್ಪಣಿ ಬರೆಯಿರಿ ಎಂದಿದ್ದೆ. ಮಾರ್ಗದರ್ಶಕರು ಎರಡು ತಾಲ್ಲೂಕುಗಳಿಗೆ ಒಪ್ಪಿದರು. ಆದರೆ ಪ್ರಬಂಧದ ಶೀರ್ಷಿಕೆಯಲ್ಲಿ ಉತ್ತರ ಕನ್ನಡ ಕರಾವಳಿ ಎಂದಿರುವಲ್ಲಿ ಕಾರವಾರ ಮತ್ತು ಕುಮಟಾ ಎಂದೇ ಬರೆಯಬೇಕೆಂದು ಸೂಚಿಸಿದ್ದಾರೆ; ಆ ಸೂಚನೆ ನ್ಯಾಯವಾದದ್ದೆಂದು ನಾನೂ ಆಕೆಗೆ ಹೇಳಿದ್ದೇನೆ.