ಬುಧವಾರ ಬಾಗಿಲು ಹಾಕಿದ ಮಾರ್ಕೆಟ್

ಕಲಬುರಗಿಯಲ್ಲಿ ಆಪ್ತಸಲಹೆ ಕೊಡುತ್ತ ಕೂತ ನನಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಒಂದೇ ಥರದ ಫೋನು ಬರುತ್ತದೆ. ಮಾಡುವವರು ವಿದೇಶದಲ್ಲಿರುವ ಮಕ್ಕಳು. "ಅಪ್ಪ-ಅವ್ವನ್ನ ಇಲ್ಲಿಗೇ ಕರ್ಕೊಂಡು ಬಂದೀವ್ರಿ. ಎಲ್ಲಾ ಅದ. ಆದ್ರೂ ಮಾರಿ ಸಣ್ಣದು ಮಾಡ್ಕೊಂಡು ಕುಂಡ್ರತಾರ." ಅಂಥದ್ದೇ ಒಂದು ಪ್ರಕರಣ ಇದು. ಗುರುತು ಸಿಗದಂತೆ ಒಂದಿಷ್ಟು ವಿವರ ಬದಲಿಸಿದ್ದೇನೆ.

ಅವರು ನಿವೃತ್ತ ಹೆಡ್ ಮಾಸ್ತರ್. ಇಲ್ಲಿ ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್‌ಗೆ ಹೋಗಲು ಒಂದು ತಾಸು ಬೇಕಿತ್ತಂತೆ, ದಾರಿಯುದ್ದಕ್ಕೂ ನಮಸ್ಕಾರ ಹೇಳುವವರು. ಮೆಲ್ಬರ್ನ್‌ನಲ್ಲಿ ಕಿಟಕಿ ಪಕ್ಕ ಕೂತು, ಯಾರ ಮನೆಯವರು ಯಾವ ಬಣ್ಣದ ಮುಚ್ಚಳದ ಕಸದ ಡಬ್ಬಿ ಹೊರಗಿಟ್ಟರು ಅಂತ ನೋಡುತ್ತಿದ್ದರು. ಅವರ ಹೆಂಡತಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಶನಿವಾರ ಮಗ ಕಾರಿನಲ್ಲಿ ಸುತ್ತಾಡಿಸಿ ತರುತ್ತಿದ್ದ.

ಇಂಥವರಿಗೆ ಎಲ್ಲರೂ ಹೇಳುವುದು ಕನ್ನಡ ಸಂಘಕ್ಕೆ ಹೋಗಿ ಅಂತ. ಬೇಡ ಅನ್ನಲ್ಲ. ಆದರೆ ಯುಗಾದಿ, ರಾಜ್ಯೋತ್ಸವ ಮುಗಿದ ಮೇಲೆ ಬರುವ ಸುಮ್ನೆ ಒಂದು ಬುಧವಾರಕ್ಕೆ ಏನು ಮಾಡೋದು? ವಾರಕ್ಕೊಂದು ದಿನ ಇಬ್ಬರೇ ಹೊರಗೆ ಹೋಗಿ ಬನ್ನಿ ಅಂದೆ. ಮಗನ ಕಾರು ಬೇಡ, ಮಗ ರಜೆ ಹಾಕೋದೂ ಬೇಡ. ಮೊದಲ ಸಲಕ್ಕೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಆರಿಸಿದೆವು. 1878ರಿಂದ ನಡೆಯುತ್ತಿರುವ ಸಂತೆ ಅದು. ಮಾಸ್ತರಿಗೆ ಇಸವಿ ಹೇಳಿದರೆ ಆಸಕ್ತಿ ಬರುತ್ತದೆ, ಅಲ್ವಾ.

ಮುಂದಿನ ಗುರುವಾರ ವೀಡಿಯೊ ಕರೆಗೆ ಕೂತೆವು. ನಮ್ಮಲ್ಲಿ ಬೆಳಗ್ಗೆ ಎಂಟೂವರೆ, ಅಲ್ಲಿ ಮಧ್ಯಾಹ್ನ ಒಂದು. ಅಷ್ಟು ದಿನ ಹಿಂದೆ ಕೂತು ಹೂಂ ಅನ್ನುತ್ತಿದ್ದ ಅವರ ಮನೆಯವರೇ ಫೋನು ಕೈಗೆ ತಗೊಂಡರು.

"ಬುಧವಾರ ಮಾರ್ಕೆಟ್ ಬಂದ್ ಇರ್ತದ್ರಿ ಮೇಡಂ!"

ಸೋಮವಾರ, ಬುಧವಾರ ಅದಕ್ಕೆ ರಜೆ. ಬುಧವಾರ ಹೋಗಿ ಅಂದವಳು ನಾನೇ. ತಪ್ಪಾಯಿತು ಅನ್ನುವಷ್ಟರಲ್ಲಿ ಅವರು ಮುಂದುವರಿಸಿದ್ದರು. ನಗರದ ನಡುವೆ ಟ್ರಾಮ್ ಪುಕ್ಕಟೆ. ಆದರೂ ಮಾಸ್ತರು ಇಳಿಯುವವರೆಗೂ ಮೈಕಿ ಅನ್ನುವ ಟಿಕೆಟ್ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೇ ಇದ್ದರಂತೆ, ಯಾರಾದರೂ ಕೇಳಿದರೆ ಅಂತ. ಮಾರ್ಕೆಟ್ ಮುಚ್ಚಿದ್ದು ನೋಡಿ, ಕಾಯಿಪಲ್ಯೆಗೆ ಒಯ್ದ ಚೀಲ ಮಡಚಿ ಬೆಂಚಿನ ಮೇಲೆ ಹಾಸಿ ಕೂತು, ಆ ಚಳಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಬಂದರು.

"ಬಾಗ್ಲ ಹಾಕಿದ್ದೇ ಚೊಲೋ ಆಯ್ತು ನೋಡ್ರಿ. ರಾತ್ರಿ ಉಣ್ಲಾಕ ಕುಂತಾಗ ಮಗ ಆಫೀಸಿಂದು ಹೇಳ್ತಾನ, ಸೊಸಿ ಆಕಿ ಆಫೀಸಿಂದು ಹೇಳ್ತಾಳ, ಮೊಮ್ಮಗ ಸಾಲಿದು ಹೇಳ್ತಾನ. ನಾವ್ ಏನ್ ಹೇಳ್ಬೇಕ್ರಿ? ಕುಕ್ಕರ್ ಎಷ್ಟ್ ಸೀಟಿ ಹೊಡೀತು ಅಂತಾ? ನಿನ್ನಿ ರಾತ್ರಿ ನಮ್ಮ ಬಲ್ಲಿನೂ ಒಂದು ಸುದ್ದಿ ಇತ್ರಿ. ಮೊಮ್ಮಗ ನಕ್ಕೋತ ನಕ್ಕೋತ ಎರಡು ಸಲ ಹೇಳಿಸಿದ."

ಕುಕ್ಕರ್ ಸೀಟಿ. ನಾಲ್ಕು ತಿಂಗಳ ಕಷ್ಟವೆಲ್ಲ ಅದರಲ್ಲಿತ್ತು. ನಾನು ಅಷ್ಟು ದಿನ ಒಂಟಿತನ, ಊರಿನ ನೆನಪು ಅಂತೆಲ್ಲ ಬರೆದುಕೊಂಡಿದ್ದೆ. ಹಾಳೆ ತಿರುವಿದೆ.

ಮಗನಿಗೆ ಮಾತ್ರ ಸಿಟ್ಟು ಬಂತು. "ಶುಗರ್ ಇರೋರನ್ನ ಹಿಂಗ್ ಊರು ತಿರುಗ್ಲಾಕ ಹಚ್ತೀರೇನ್ರಿ?" ಅಂದ. ಅವನ ಹೆದರಿಕೆ ಸುಳ್ಳಲ್ಲ. ಆದರೆ ಮೂವತ್ತು ವರ್ಷ ಶಾಲೆ ನಡೆಸಿದವರನ್ನು ಶನಿವಾರದವರೆಗೆ ಕಾಯಿಸುವುದೂ ಆರೋಗ್ಯವಲ್ಲ ಅಂದೆ. ಈಗಲೂ ಹಾಗೇ ಅನ್ನುತ್ತೇನೆ. ಸುಮ್ನೆ ಕಳಿಸಿರಲಿಲ್ಲ. ಕಿಸೆಯಲ್ಲಿ ಮನೆ ವಿಳಾಸ, ಮಾತ್ರೆ, ನಾಲ್ಕು ಸಕ್ಕರೆ ಪೆಪ್ಪರ್‌ಮಿಂಟ್ ಇದ್ದವು. ತುರ್ತಿಗೆ 000 ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಕತ್ತಲು. ಅದಕ್ಕೆ ಮೂರಕ್ಕೆ ಮನೆಯಲ್ಲಿರಬೇಕು ಅಂದಿದ್ದೆ. ಇನ್ನೊಂದು ಮಾತು: ಎರಡು ವಾರದಿಂದ ನಿದ್ದೆ, ಊಟ ಸರಿ ಇಲ್ಲದೆ, ಸುಮ್ಮನೆ ಅಳು ಬರುತ್ತಿದ್ದರೆ ಟ್ರಾಮ್ ಹತ್ತಿಸಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇವರಿಗೆ ಅದಿರಲಿಲ್ಲ, ಮೊದಲೇ ಕೇಳಿಕೊಂಡಿದ್ದೆ.

ಆಮೇಲೆ ಎರಡು ಸಲವಷ್ಟೇ ಮಾತಾಡಿದೆವು. ಮೂರನೆಯದಕ್ಕೆ ಮೆಸೇಜು ಬಂತು: "ಮೇಡಂ, ಗುರುವಾರ ಬ್ಯಾಡ್ರಿ. ಮಾರ್ಕೆಟ್ ತೆರೆದಿರ್ತದ."